ಮರ, ಮಣ್ಣು, ಹುಲ್ಲು: ಸೈಲೀಸಿಯದ ಶಾಂತಿ ಚರ್ಚುಗಳು

ಕಲ್ಲು ಬಳಸಕೂಡದು. ಇಟ್ಟಿಗೆ ಕೂಡದು. ಕಬ್ಬಿಣದ ಮೊಳೆ ಕೂಡದು. ಗೋಪುರ ಎತ್ತಕೂಡದು, ಗಂಟೆ ಕಟ್ಟಕೂಡದು, ಪಕ್ಕದಲ್ಲಿ ಶಾಲೆ ತೆರೆಯಕೂಡದು. ಜಾಗ ಊರ ಕೋಟೆಗೋಡೆಯ ಹೊರಗಿರಬೇಕು. ಕೋಟೆಯ ಮೇಲಿನ ಫಿರಂಗಿಯ ಗುಂಡು ಅಲ್ಲಿಗೆ ತಲುಪುವಂತಿರಬೇಕು. ಕೆಲಸ ಒಂದೇ ವರ್ಷದಲ್ಲಿ ಮುಗಿಯಬೇಕು. ಖರ್ಚೆಲ್ಲ ಕಟ್ಟುವವರದೇ.

17ನೇ ಶತಮಾನದ ನಡುಭಾಗದಲ್ಲಿ ಸೈಲೀಸಿಯದ ಲೂಥರನ್ನರಿಗೆ ಚರ್ಚು ಕಟ್ಟಲು ಅನುಮತಿ ಸಿಕ್ಕಿದ್ದು ಈ ಷರತ್ತುಗಳ ಮೇಲೆ. ಷರತ್ತು ಹಾಕಿದವರ ಲೆಕ್ಕಾಚಾರ ಸ್ಪಷ್ಟವಾಗಿತ್ತು: ಇಂಥ ಕಟ್ಟಡ ಬಹುಕಾಲ ಬಾಳುವುದಿಲ್ಲ. ಆದರೆ ಹಾಗೆ ಕಟ್ಟಿದ ಮೂರರಲ್ಲಿ ಎರಡು ಚರ್ಚುಗಳು 350 ವರ್ಷ ದಾಟಿ ಇಂದಿಗೂ ನಿಂತಿವೆ. ಒಂದು ಇಂದಿನ ಪೋಲೆಂಡಿನ ನೈಋತ್ಯದಲ್ಲಿರುವ ಶ್ವಿದ್ನಿತ್ಸಾ ಎಂಬ ಊರಿನಲ್ಲಿದೆ, ಇನ್ನೊಂದು ಅದರ ಹತ್ತಿರದ ಯಾವೊರ್‌ನಲ್ಲಿ. ಮರದ ಚೌಕಟ್ಟಿನಿಂದ ಕಟ್ಟಿದ ಧಾರ್ಮಿಕ ಕಟ್ಟಡಗಳಲ್ಲಿ ಯುರೋಪಿನಲ್ಲೇ ಇವು ಅತಿ ದೊಡ್ಡವು. 2001ರಲ್ಲಿ ಯುನೆಸ್ಕೊ ಎರಡನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇವುಗಳನ್ನು ಕಟ್ಟಿದ ಕೈಚಳಕವನ್ನೂ, ಇವುಗಳನ್ನು ಇಲ್ಲಿಯವರೆಗೆ ಕಾಪಾಡಿಕೊಂಡು ಬಂದ ಸಭೆಯ ವ್ಯವಸ್ಥೆಯನ್ನೂ ಒಟ್ಟಿಗೆ ನೋಡಿದರೇ ಈ ಕಥೆ ಪೂರ್ತಿಯಾಗುತ್ತದೆ.

ಸೈಲೀಸಿಯದಲ್ಲಿ ಮಾರ್ಟಿನ್ ಲೂಥರನ ಸುಧಾರಣೆ ಬೇಗ ಬೇರೂರಿತ್ತು. 16ನೇ ಶತಮಾನ ಮುಗಿಯುವ ಹೊತ್ತಿಗೆ ಅಲ್ಲಿನ ಬಹುಪಾಲು ಜನ ಆ ಕಡೆ ವಾಲಿದ್ದರು. ಆದರೆ ಆ ನಾಡಿನ ಒಡೆಯರಾದ ಹ್ಯಾಬ್ಸ್‌ಬರ್ಗ್ ಚಕ್ರವರ್ತಿಗಳು ಕ್ಯಾಥೊಲಿಕರು. 1618ರಿಂದ 1648ರವರೆಗೆ ನಡೆದ ಮೂವತ್ತು ವರ್ಷಗಳ ಯುದ್ಧ ಈ ನಾಡನ್ನು ಹಣ್ಣುಗಾಯಿ ಮಾಡಿತು. ಯುದ್ಧ ನಿಲ್ಲಿಸಿದ ವೆಸ್ಟ್‌ಫಾಲಿಯ ಒಪ್ಪಂದದಲ್ಲಿ ಲೂಥರನ್ ಸ್ವೀಡನ್ನಿನ ಒತ್ತಾಯಕ್ಕೆ ಮಣಿದು ಚಕ್ರವರ್ತಿ 3ನೇ ಫರ್ಡಿನಾಂಡ್ ಮೂರು ಊರುಗಳಲ್ಲಿ ಒಂದೊಂದು ಚರ್ಚು ಕಟ್ಟಿಕೊಳ್ಳಲು ಒಪ್ಪಿದ: ಗ್ವೊಗುಫ್, ಯಾವೊರ್ ಮತ್ತು ಶ್ವಿದ್ನಿತ್ಸಾ. ಶಾಂತಿ ಒಪ್ಪಂದದಿಂದ ದೊರಕಿದ್ದರಿಂದ ಇವು ಶಾಂತಿ ಚರ್ಚುಗಳೆಂದೇ ಹೆಸರಾದವು. ಅದರ ಬೆನ್ನಿಗೇ, 1653 ಮತ್ತು 1654ರಲ್ಲಿ, ಚಕ್ರವರ್ತಿಯ ನೇರ ಆಡಳಿತದಲ್ಲಿದ್ದ ಸಂಸ್ಥಾನಗಳಲ್ಲಿ ಲೂಥರನ್ನರ ಕೈಯಲ್ಲಿದ್ದ ಆರುನೂರಕ್ಕೂ ಹೆಚ್ಚು ಚರ್ಚುಗಳನ್ನು ಅಧಿಕಾರಿಗಳು ವಶಪಡಿಸಿಕೊಂಡರು. ಅಷ್ಟು ಸಭೆಗಳ ಜನರಿಗೆ ಉಳಿದದ್ದು ಬೆರಳೆಣಿಕೆಯ ಆಶ್ರಯ. ಆದ್ದರಿಂದಲೇ ಈ ಚರ್ಚುಗಳು ಒಂದು ಊರಿಗೆ ಸಾಕಾಗುವಷ್ಟಿದ್ದರೆ ಸಾಲದಾಗಿತ್ತು. ಗಾಡಿಯಲ್ಲೋ ಕಾಲ್ನಡಿಗೆಯಲ್ಲೋ ದೂರದ ಹಳ್ಳಿಗಳಿಂದ ಬರುವ ಸಾವಿರಾರು ಜನ ಒಂದೇ ಸೂರಿನಡಿ ಕುಳಿತು ಪ್ರಸಂಗ ಕೇಳುವಂತಿರಬೇಕಿತ್ತು.

ಈ ಸಮಸ್ಯೆಯನ್ನು ಬಿಡಿಸಲು ಸಭೆಯವರು ಕರೆಸಿದ್ದು ಬ್ರೆಸ್ಲಾವಿನ, ಅಂದರೆ ಇಂದಿನ ವ್ರೊತ್ಸ್ವಾಫ್ ನಗರದ ಆಲ್ಬ್ರೆಕ್ಟ್ ಫೋನ್ ಜೇಬಿಷ್ ಎಂಬ ಕೋಟೆ ಕಟ್ಟುವ ಎಂಜಿನಿಯರನ್ನು. ಆತನ ನಕ್ಷೆಯನ್ನು ಮರದಲ್ಲಿ ಕಡೆದು ನಿಲ್ಲಿಸಿದವನು ಯಾವೊರ್‌ನ ಬಡಗಿ ಮೇಸ್ತ್ರಿ ಆಂಡ್ರೇಯಾಸ್ ಗಾಂಪರ್. ಯಾವೊರ್‌ನ ಚರ್ಚು 1654 ಮತ್ತು 1655ರಲ್ಲಿ ಎದ್ದಿತು. ಶ್ವಿದ್ನಿತ್ಸಾದ ಕೆಲಸ 1656ರ ಆಗಸ್ಟಿನಲ್ಲಿ ಶುರುವಾಗಿ, ಮರುವರ್ಷದ ಜೂನ್ 24ರಂದು ಅಲ್ಲಿ ಮೊದಲ ಆರಾಧನೆ ನಡೆಯಿತು. ಹತ್ತು ತಿಂಗಳಲ್ಲಿ 7,500 ಜನ ಹಿಡಿಸುವ ಕಟ್ಟಡ ಸಿದ್ಧವಾಯಿತು. ಅದರಲ್ಲಿ 3,000 ಜನಕ್ಕೆ ಕೂರಲು ಆಸನ.

ಅಷ್ಟು ಬೇಗ ಅಷ್ಟು ದೊಡ್ಡದನ್ನು ಕಟ್ಟಲು ಸಾಧ್ಯವಾದದ್ದು ಮರದ ಚೌಕಟ್ಟಿನ ಪದ್ಧತಿಯಿಂದ. ಈ ಪದ್ಧತಿಯಲ್ಲಿ ಗೋಡೆ ಭಾರ ಹೊರುವುದಿಲ್ಲ, ಭಾರವೆಲ್ಲ ಚೌಕಟ್ಟಿನದು. ನೆಲದ ಮೇಲೆ ಉದ್ದಕ್ಕೂ ಒಂದು ದಪ್ಪ ತೊಲೆ ಮಲಗಿಸುತ್ತಾರೆ. ಅದರ ಮೇಲೆ ಕಂಬಗಳು, ಕಂಬಗಳ ನೆತ್ತಿಯ ಮೇಲೆ ಮತ್ತೊಂದು ತೊಲೆ, ನಡುನಡುವೆ ಅಡ್ಡಪಟ್ಟಿಗಳು. ಇಷ್ಟೇ ಆದರೆ ಗಾಳಿ ಬೀಸಿದಾಗ ಇಡೀ ಗೋಡೆ ಪಕ್ಕಕ್ಕೆ ವಾಲಿ ಮಡಚಿಕೊಳ್ಳಬಹುದು. ಅದಕ್ಕಾಗಿ ಮೂಲೆಗಳಲ್ಲಿ ಓರೆಯಾಗಿ ಒಂದೊಂದು ಮರ ಕೊಡುತ್ತಾರೆ. ಚೌಕ ತ್ರಿಕೋನಗಳಾಗಿ ಒಡೆಯುತ್ತದೆ. ತ್ರಿಕೋನವನ್ನು ಅದರ ಒಂದು ಬದಿ ಮುರಿಯದೆ ಅಲುಗಿಸಲಾಗದು. ಶ್ವಿದ್ನಿತ್ಸಾದ ಚರ್ಚನ್ನು ಹೊರಗಿನಿಂದ ನೋಡುವವರಿಗೆ ಬಿಳಿ ಗೋಡೆಯ ಮೇಲೆ ಕಾಣುವ ಕಪ್ಪು ಗೆರೆಗಳು ಅಲಂಕಾರವೆನ್ನಿಸುತ್ತವೆ. ಆ ಒಂದೊಂದು ಗೆರೆಯೂ ಕೆಲಸ ಮಾಡುತ್ತಿರುವ ಮರ.

ಮೊಳೆಯಿಲ್ಲದೆ ಈ ಮರಗಳು ಹೇಗೆ ಹಿಡಿದುಕೊಂಡಿವೆ? ಒಂದು ಸಂದನ್ನು ಹತ್ತಿರದಿಂದ ನೋಡೋಣ. ಕಂಬದ ತುದಿಯನ್ನು ಎರಡೂ ಬದಿಯಿಂದ ಕೆತ್ತಿ ನಡುವೆ ನಾಲಗೆಯಂತೆ ಒಂದು ಚಪ್ಪಟೆ ಭಾಗ ಉಳಿಸುತ್ತಾರೆ. ತೊಲೆಯಲ್ಲಿ ಅದೇ ಅಳತೆಗೆ ಉಳಿಯಿಂದ ಕುಳಿ ತೋಡುತ್ತಾರೆ. ನಾಲಗೆ ಕುಳಿಯೊಳಗೆ ಕೂತ ಮೇಲೆ ಎರಡನ್ನೂ ಸೇರಿಸಿ ಅಡ್ಡಲಾಗಿ ಗಟ್ಟಿಮರದ ಗೂಟ ಹೊಡೆಯುತ್ತಾರೆ. ಪಳಗಿದ ಬಡಗಿಯ ಜಾಣ್ಮೆ ಕಾಣುವುದು ಈ ಗೂಟದ ತೂತಿನಲ್ಲಿ. ತೊಲೆಯ ತೂತಿಗೂ ನಾಲಗೆಯ ತೂತಿಗೂ ನಡುವೆ ಬೇಕೆಂದೇ ಕೂದಲೆಳೆಯಷ್ಟು ವ್ಯತ್ಯಾಸ ಬಿಟ್ಟಿರುತ್ತಾನೆ. ತುದಿ ಚೂಪಾದ ಗೂಟ ಒಳನುಗ್ಗುವಾಗ ಎರಡು ತೂತುಗಳನ್ನೂ ಒಂದೇ ಸಾಲಿಗೆ ಎಳೆಯುತ್ತದೆ, ಸಂದು ತಾನಾಗಿ ಬಿಗಿಯುತ್ತದೆ. ಹಸಿ ಓಕ್ ಮರ ವರ್ಷ ಕಳೆದಂತೆ ಒಣಗಿ ಕುಗ್ಗಿ ಗೂಟವನ್ನು ಇನ್ನಷ್ಟು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಅದೇ ಓಕ್ ಮರಕ್ಕೆ ಕಬ್ಬಿಣ ಹೊಡೆದರೆ ಮರದೊಳಗಿನ ಆಮ್ಲಕ್ಕೆ ಮೊಳೆ ತುಕ್ಕು ಹಿಡಿಯುತ್ತದೆ, ಸುತ್ತಲಿನ ಮರವೂ ಕಪ್ಪಾಗುತ್ತದೆ. ಚಕ್ರವರ್ತಿ ನಿಷೇಧಿಸಿದ ವಸ್ತು ಬಡಗಿಗೆ ಬೇಕಾಗಿಯೇ ಇರಲಿಲ್ಲ.

ಈ ಕೆಲಸದ ವೇಗದ ಗುಟ್ಟು ಬೇರೆ ಕಡೆ ಇದೆ. ಚೌಕಟ್ಟನ್ನು ಎದ್ದು ನಿಂತ ಗೋಡೆಯ ಮೇಲೆ ಕೂತು ಕಡೆಯುವುದಿಲ್ಲ. ಬಯಲಿನಲ್ಲಿ ಮರಗಳನ್ನು ನೆಲದ ಮೇಲೆ ಹರಡಿ, ಪ್ರತಿ ಸಂದನ್ನೂ ಕಡೆದು, ಒಮ್ಮೆ ಜೋಡಿಸಿ ನೋಡಿ, ಪ್ರತಿ ಮರಕ್ಕೂ ಉಳಿಯಿಂದ ಗುರುತು ಕೊರೆಯುತ್ತಾರೆ. ಆಮೇಲೆ ಬಿಚ್ಚಿ ನಿವೇಶನಕ್ಕೆ ಸಾಗಿಸಿ, ಗುರುತಿಗೆ ಗುರುತು ಕೂಡಿಸಿ ಎತ್ತಿ ನಿಲ್ಲಿಸುತ್ತಾರೆ. ಒಂದು ತಂಡ ಕಡೆಯುತ್ತಿರುವಾಗಲೇ ಇನ್ನೊಂದು ತಂಡ ಎತ್ತಬಹುದು. ಅವಸರದ ಕೆಲಸವೂ ಅಚ್ಚುಕಟ್ಟಾಗಿ ಆಗುವುದು ಹೀಗೆ.

ಚೌಕಟ್ಟು ನಿಂತ ಮೇಲೆ ಅದರ ಕಿಂಡಿಗಳನ್ನು ತುಂಬಬೇಕು. ಮಲೆನಾಡಿನ ಹಳೆಯ ಮನೆಗಳಲ್ಲಿ ಬಿದಿರ ತಟ್ಟಿಗೆ ಮಣ್ಣು ಮೆತ್ತಿ ಗೋಡೆ ಮಾಡುತ್ತಿದ್ದುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಇಲ್ಲಿ ಬಿದಿರಿನ ಬದಲು ಸೀಳಿದ ಮರದ ಕಡ್ಡಿಗಳು, ಅವುಗಳ ಮೇಲೆ ಹುಲ್ಲು ಬೆರೆಸಿ ತುಳಿದ ಜೇಡಿಮಣ್ಣು, ಎಲ್ಲದರ ಮೇಲೆ ಸುಣ್ಣದ ತೆಳುಗಾರೆ. ಮಣ್ಣು ಗಾಳಿಯ ತೇವವನ್ನು ಹೀರಿ ಮತ್ತೆ ಬಿಟ್ಟುಕೊಡುತ್ತದೆ, ಪಕ್ಕದ ಮರವನ್ನು ಒಣಗಿಸಿಡುತ್ತದೆ. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗುವ ಮರದ ಜೊತೆ ಹೊಂದಿಕೊಂಡು ಹೋಗುವ ಗುಣವೂ ಅದಕ್ಕಿದೆ. ಎಲ್ಲಾದರೂ ಬಿರುಕು ಬಿಟ್ಟರೆ ಅಷ್ಟು ಜಾಗಕ್ಕೆ ಮತ್ತೆ ಮೆತ್ತಿದರಾಯಿತು.

ಒಳಗೆ ಕಾಲಿಟ್ಟರೆ ಕಟ್ಟಡದ ಅಸಲು ಸಾಹಸ ಕಾಣುತ್ತದೆ. ನೆಲದ ಮೇಲೆ ಜಾಗ ಸೀಮಿತ. ಆದ್ದರಿಂದ ಜೇಬಿಷ್ ಜನರನ್ನು ಮೇಲಕ್ಕೆ ಹತ್ತಿಸಿದ. ಯಾವೊರ್‌ನಲ್ಲಿ ಗೋಡೆಯುದ್ದಕ್ಕೂ ಒಂದರ ಮೇಲೊಂದು ನಾಲ್ಕು ಅಂತಸ್ತಿನ ಅಟ್ಟಣಿಗೆಗಳಿವೆ. ಶ್ವಿದ್ನಿತ್ಸಾದಲ್ಲಿ ಶಿಲುಬೆಯಾಕಾರದ ನಕ್ಷೆಯ ನಾಲ್ಕೂ ತೋಳುಗಳನ್ನು ಅಟ್ಟಣಿಗೆಗಳು ಸುತ್ತುವರಿದಿವೆ. ಇವು ಕೂರಲು ಜಾಗ ಕೊಡುವುದರ ಜೊತೆಗೆ ಎತ್ತರದ ಕಂಬಗಳನ್ನು ನಡುನಡುವೆ ಹಿಡಿದು ಬಾಗದಂತೆ ನೋಡಿಕೊಳ್ಳುತ್ತವೆ. ಲೂಥರನ್ ಆರಾಧನೆಯಲ್ಲಿ ವಾಕ್ಯ ಕೇಳುವುದು ಮುಖ್ಯ. ದೂರದ ಮೂಲೆಯಲ್ಲಿ ಕೂತವರಿಗೂ ಪ್ರಸಂಗಪೀಠ ಹತ್ತಿರವಾಗಬೇಕು. ಉದ್ದುದ್ದದ ಕಲ್ಲಿನ ಚರ್ಚಿನಲ್ಲಿ ಮಾತು ಪ್ರತಿಧ್ವನಿಸಿ ಕಲಸಿಹೋಗುತ್ತದೆ. ಇಲ್ಲಿ ಮರದ ಹಲಗೆಗಳು, ಬೆಂಚುಗಳು, ಮೈಗೆ ಮೈ ತಾಗಿ ಕೂತ ಜನ, ಎಲ್ಲವೂ ಗದ್ದಲವನ್ನು ಹೀರಿ ಮಾತನ್ನು ತಿಳಿಯಾಗಿ ಉಳಿಸುತ್ತವೆ.

ಹಣ ಎಲ್ಲಿಂದ ಬಂತು ಎಂದು ನೋಡಿದರೆ ಸಭೆಯ ವ್ಯವಸ್ಥೆ ಕಣ್ಣಿಗೆ ಬೀಳುತ್ತದೆ. ಬೇರೆ ಲೂಥರನ್ ನಾಡುಗಳಲ್ಲಿ ರಾಜನೇ ಚರ್ಚಿನ ಪೋಷಕ.  ಸೈಲೀಸಿಯದಲ್ಲಿ ದೊರೆಯೇ ಎದುರಾಳಿ. ಹಾಗಾಗಿ ಹೊಣೆ ಜನರ ಹೆಗಲಿಗೆ ಬಿತ್ತು. ಊರಿನ ವರ್ತಕರು, ಕುಶಲಕರ್ಮಿಗಳ ಸಂಘಗಳು, ಸುತ್ತಲಿನ ಜಮೀನುದಾರರು ಸೇರಿ ಲೆಕ್ಕ ಇಟ್ಟರು, ಜರ್ಮನಿಯ ಪ್ರಾಟೆಸ್ಟೆಂಟ್ ಊರುಗಳಿಗೂ ಆಸ್ಥಾನಗಳಿಗೂ ದೂತರನ್ನು ಕಳಿಸಿ ಸಹಾಯ ಬೇಡಿದರು. ಶ್ವಿದ್ನಿತ್ಸಾದ ಕಟ್ಟಡಕ್ಕೆ ಬೇಕಾದ ಓಕ್ ಮರಗಳಲ್ಲಿ ದೊಡ್ಡ ಪಾಲನ್ನು ತನ್ನ ಕಾಡಿನಿಂದ ಕಡಿಸಿ ಕೊಟ್ಟವನು ಹೋಖ್‌ಬರ್ಗ್ ಮನೆತನದ ಪ್ರಭು. ಕೃತಜ್ಞತೆಯಿಂದ ಸಭೆ ಆ ಮನೆತನಕ್ಕೆ ಕೊಟ್ಟ ಗಾಜಿನ ಕಿಟಕಿಗಳ ಆಸನ ಮಂಟಪ ಇಂದಿಗೂ ಅಲ್ಲಿದೆ. ಸಂಘಗಳಿಗೂ ಅಟ್ಟಣಿಗೆಗಳಲ್ಲಿ ತಮ್ಮತಮ್ಮ ಆಸನಗಳಿದ್ದವು. ಕಸುಬಿನ ಲಾಂಛನಗಳನ್ನು ಅವುಗಳ ಮುಂದೆ ಬರೆಸಿಕೊಂಡರು. ಯಾರು ಎಲ್ಲಿ ಕೂರುತ್ತಾರೆ ಎಂಬುದರಲ್ಲೇ ಯಾರು ಯಾವುದರ ಹೊಣೆ ಹೊತ್ತಿದ್ದಾರೆ ಎಂಬುದೂ ತಿಳಿಯುತ್ತಿತ್ತು.

ಹೊರಗೆ ಕಣಜದಂತೆ ಸಾದಾ ಕಾಣಬೇಕಾದ ಕಟ್ಟಡದ ಒಳಗನ್ನು ತುಂಬಲು ಯಾರೂ ಷರತ್ತು ಹಾಕಿರಲಿಲ್ಲ. ಮುಂದಿನ ತಲೆಮಾರುಗಳು ಅಲ್ಲಿ ಕೈತುಂಬ ಸುರಿದವು. ಯಾವೊರ್‌ನ ಅಟ್ಟಣಿಗೆಗಳ ಮುಂಭಾಗದ ಹಲಗೆಗಳ ಮೇಲೆ ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆಗಳ 143 ಘಟನೆಗಳ ಚಿತ್ರಗಳಿವೆ. ಓದಲು ಬಾರದವರೂ ಸಾಲಾಗಿ ನೋಡುತ್ತ ಹೋದರೆ ಬೈಬಲಿನ ಕಥೆ ತಿಳಿಯುವಂತೆ ಅವನ್ನು ಬರೆಯಲಾಗಿದೆ. ಶ್ವಿದ್ನಿತ್ಸಾದ ಮರದ ಚಾವಣಿಯ ಮೇಲೆ 1690ರ ದಶಕದಲ್ಲಿ ಪ್ರಕಟನೆ ಗ್ರಂಥದ ದೃಶ್ಯಗಳನ್ನು ಬಿಡಿಸಿದರು. 1660ರ ದಶಕದಲ್ಲಿ ದೊಡ್ಡ ಪೈಪ್ ಆರ್ಗನ್ ಬಂತು. ಪ್ರಸಂಗಪೀಠದ ಮೇಲೆ ಮರಳುಗಡಿಯಾರ ಬಂತು. 1702ರಿಂದ 1737ರಲ್ಲಿ ತೀರಿಕೊಳ್ಳುವವರೆಗೂ ಇಲ್ಲಿ ಪಾದ್ರಿಯಾಗಿದ್ದ ಬೆಂಜಮಿನ್ ಶ್ಮೋಲ್ಕ್ ಸಾವಿರಕ್ಕೂ ಹೆಚ್ಚು ಕೀರ್ತನೆಗಳನ್ನು ಬರೆದರು. ಸೈಲೀಸಿಯದಾಚೆಗಿನ ಸಭೆಗಳೂ ಅವುಗಳನ್ನು ಹಾಡಿದವು.

1707ರಲ್ಲಿ ಸ್ವೀಡನ್ನಿನ ದೊರೆ 12ನೇ ಚಾರ್ಲ್ಸ್ ಚಕ್ರವರ್ತಿಯೊಡನೆ ಆಲ್ಟ್‌ರಾನ್‌ಷ್ಟೆಟ್‌ನಲ್ಲಿ ಮಾಡಿಕೊಂಡ ಒಪ್ಪಂದ ಬಿಗಿಯನ್ನು ಸಡಿಲಿಸಿತು. ಮರುವರ್ಷವೇ ಶ್ವಿದ್ನಿತ್ಸಾದಲ್ಲಿ ಗಂಟೆಗೋಪುರ ಎದ್ದಿತು, ಶಾಲೆ ಬಾಗಿಲು ತೆರೆಯಿತು. ಅದೇ ಒಪ್ಪಂದದ ಫಲವಾಗಿ ಇನ್ನೂ ಆರು ಊರುಗಳಲ್ಲಿ ಚರ್ಚು ಕಟ್ಟಲು ಅಪ್ಪಣೆಯಾಯಿತು; ಇವು ಕೃಪೆಯ ಚರ್ಚುಗಳು. ಅವುಗಳಲ್ಲಿ ಪೋಲಿಷ್ ಲೂಥರನ್ನರ ಪಾಲಿಗೆ ತಾಯಿಬೇರಿನಂತಿರುವುದು ಚೆಷಿನ್ ಊರಿನ ಯೇಸು ಚರ್ಚು. ಅದಕ್ಕೂ ಮುನ್ನ ಆ ಭಾಗದ ಪೋಲಿಷ್ ಮಾತಿನ ರೈತರು ಬೆಸ್ಕಿದಿ ಬೆಟ್ಟಗಳ ಕಾಡಿನಲ್ಲಿ, ಬಂಡೆಯೊಂದನ್ನೇ ವೇದಿಕೆ ಮಾಡಿಕೊಂಡು, ಗುಟ್ಟಾಗಿ ಕೂಡುತ್ತಿದ್ದರು. ಮನೆಯಲ್ಲಿ ಹಿರಿಯರು ಬೈಬಲು, ಪ್ರಸಂಗಗಳ ಪುಸ್ತಕ ಓದುತ್ತಿದ್ದರು. ಪಾದ್ರಿಯಿಲ್ಲದ ಆ ದಶಕಗಳಲ್ಲಿ ಸಾಮಾನ್ಯ ಗೃಹಸ್ಥರೇ ಸಭೆಯನ್ನು ಕಾಪಾಡಿದರು.

1740ರ ದಶಕದಲ್ಲಿ ಪ್ರಷ್ಯದ ದೊರೆ 2ನೇ ಫ್ರೆಡರಿಕ್ ಸೈಲೀಸಿಯದ ಬಹುಭಾಗವನ್ನು ಗೆದ್ದುಕೊಂಡ ಮೇಲೆ ನಿರ್ಬಂಧಗಳು ತೊಲಗಿದವು. ಇನ್ನು ಮುಂದೆ ಕಲ್ಲಿನಲ್ಲೇ ಕಟ್ಟಬಹುದಿತ್ತು. ಶ್ವಿದ್ನಿತ್ಸಾದವರೂ ಯಾವೊರ್‌ನವರೂ ತಮ್ಮ ಮರದ ಚರ್ಚನ್ನು ಕೆಡವಲಿಲ್ಲ. ಗ್ವೊಗುಫ್‌ನ ಚರ್ಚು 1758ರ ಬೆಂಕಿಯಲ್ಲಿ ಸುಟ್ಟುಹೋಯಿತು. ಉಳಿದೆರಡು ಯುದ್ಧಗಳನ್ನೂ ಮುತ್ತಿಗೆಗಳನ್ನೂ ದಾಟಿ ನಿಂತವು.

ಈ ಚರ್ಚುಗಳಿಗೆ ಬಂದ ಅತಿ ದೊಡ್ಡ ತಿರುವು 1945. ಎರಡನೆಯ ಮಹಾಯುದ್ಧ ಮುಗಿದು ಗಡಿಗಳು ಸರಿದಾಗ ಸೈಲೀಸಿಯದ ಬಹುಭಾಗ ಪೋಲೆಂಡಿಗೆ ಸೇರಿತು. ಸುಮಾರು ಮುನ್ನೂರು ವರ್ಷ ಇಲ್ಲಿ ಹಾಡಿದ ಜರ್ಮನ್ ಮಾತಿನ ಸಭೆಯ ಬಹುತೇಕ ಜನರನ್ನು ಊರು ಬಿಡಿಸಲಾಯಿತು. ಹೊಸದಾಗಿ ಬಂದು ನೆಲೆಸಿದವರಲ್ಲಿ ಹೆಚ್ಚಿನವರು ಕ್ಯಾಥೊಲಿಕರು. ಅವರ ನಡುವೆ ಉಳಿದ, ಬಂದು ಸೇರಿದ ಕೆಲವೇ ಲೂಥರನ್ ಕುಟುಂಬಗಳು ಸಾವಿರಾರು ಆಸನಗಳ ಚರ್ಚಿಗೆ ವಾರಸುದಾರರಾದವು. ಅವರು ಸೇರಿದ್ದು ಪೋಲೆಂಡಿನ ಆಗ್ಸ್‌ಬರ್ಗ್ ವಿಶ್ವಾಸಪ್ರಮಾಣದ ಇವ್ಯಾಂಜೆಲಿಕಲ್ ಚರ್ಚಿಗೆ. 1530ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಲೂಥರನ್ನರು ಚಕ್ರವರ್ತಿಯ ಮುಂದೆ ಓದಿದ ವಿಶ್ವಾಸಪ್ರಮಾಣವೇ ಆ ಹೆಸರಿಗೆ ಮೂಲ.

ಆ ಚರ್ಚಿಗೂ ಯುದ್ಧ ದೊಡ್ಡ ಗಾಯ ಮಾಡಿತ್ತು. ಅದರ ಬಿಷಪ್ ಯೂಲಿಯುಷ್ ಬುರ್ಷೆ ಜರ್ಮನ್ ಮೂಲದ ಮನೆತನದವರಾದರೂ ಪೋಲೆಂಡಿನ ಪರವಾಗಿ ಗಟ್ಟಿಯಾಗಿ ನಿಂತವರು. 1939ರಲ್ಲಿ ನಾಜಿಗಳು ಅವರನ್ನು ಬಂಧಿಸಿದರು. 1942ರಲ್ಲಿ ಬಂಧನದಲ್ಲಿದ್ದಾಗಲೇ ಅವರು ತೀರಿಕೊಂಡರು. ಲೂಥರನ್ ಎಂದರೆ ಜರ್ಮನ್ ಎಂಬ ಸಂಶಯವನ್ನು ಯುದ್ಧಾನಂತರವೂ ಈ ಜನ ಎದುರಿಸಬೇಕಾಯಿತು. ಪೋಲಿಷ್ ಸಂಸ್ಕೃತಿಗೆ ಅವರು ಕೊಟ್ಟದ್ದು ಕಡಿಮೆಯೇನಲ್ಲ. 1807 ಮತ್ತು 1814ರ ನಡುವೆ ಆರು ಸಂಪುಟಗಳಲ್ಲಿ ಪೋಲಿಷ್ ನಿಘಂಟು ಕಟ್ಟಿದ ಸಾಮುಯೆಲ್ ಬೊಗುಮಿವ್ ಲಿಂದೆ ಲೂಥರನ್. ಪಾದ್ರಿಯ ಮನೆಯಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನಿಂದ ಬಂದು 1894ರಲ್ಲಿ ಕನ್ನಡಕ್ಕೆ ನಿಘಂಟು ಕೊಟ್ಟ ಕಿಟ್ಟೆಲರನ್ನು ಬಲ್ಲ ನಮಗೆ ಲಿಂದೆಯ ಶ್ರಮದ ಅಳತೆ ಸಿಗುತ್ತದೆ. ಇನ್ನು ನಮ್ಮ ಕಾಲದಲ್ಲಿ 1997ರಿಂದ 2001ರವರೆಗೆ ಪ್ರಧಾನಿಯಾಗಿದ್ದ ಯೆಜಿ ಬುಜೆಕ್, ಸ್ಕೀ ಜಿಗಿತದ ವಿಶ್ವ ಚಾಂಪಿಯನ್ ಆದಾಮ್ ಮಾವಿಷ್ ಇದೇ ಚರ್ಚಿನವರು.

ಇಂದು ಈ ಚರ್ಚಿನ ಸದಸ್ಯರು ಸುಮಾರು 60,000; ದೇಶದ ಜನಸಂಖ್ಯೆ ಸುಮಾರು 3 ಕೋಟಿ 80 ಲಕ್ಷ. ಇಷ್ಟು ಚಿಕ್ಕ ಸಮುದಾಯ ನಡೆಯುವ ಬಗೆ ಗಮನಿಸುವಂಥದ್ದು. ತಳದಲ್ಲಿ ಸುಮಾರು 130 ಸ್ಥಳೀಯ ಸಭೆಗಳಿವೆ. ಸಭೆಯ ವಯಸ್ಕ ಸದಸ್ಯರು ಸೇರಿ ತಮ್ಮ ಹಿರಿಯರ ಮಂಡಳಿಯನ್ನು ಮತ ಹಾಕಿ ಆರಿಸುತ್ತಾರೆ, ತಮ್ಮ ಪಾದ್ರಿಯನ್ನೂ ಆರಿಸುತ್ತಾರೆ. ಸಭೆಗಳೆಲ್ಲ ಆರು ಧರ್ಮಪ್ರಾಂತಗಳಲ್ಲಿ ಹಂಚಿಕೊಂಡಿವೆ: ಚೆಷಿನ್, ಕಾತೊವಿತ್ಸೆ, ಮಜೂರಿ, ಪೊಮೆರೇನಿಯ ಮತ್ತು ವಿಯೆಲ್ಕೊಪೋಲ್ಸ್ಕ, ವಾರ್ಸಾ, ವ್ರೊತ್ಸ್ವಾಫ್. ಶ್ವಿದ್ನಿತ್ಸಾ, ಯಾವೊರ್‌ಗಳು ವ್ರೊತ್ಸ್ವಾಫ್ ಪ್ರಾಂತಕ್ಕೆ ಸೇರುತ್ತವೆ. ಎಲ್ಲಕ್ಕೂ ಮೇಲೆ ಸಿನಡ್. ಪಾದ್ರಿಗಳೂ ಗೃಹಸ್ಥರೂ ಒಟ್ಟಿಗೆ ಕೂತು ನಿಯಮ ಮಾಡುವ, ಬಿಷಪ್ಪರನ್ನು ಆರಿಸುವ ಸಭೆ ಅದು. ದಿನನಿತ್ಯದ ಆಡಳಿತ ನೋಡುವ ಕನ್ಸಿಸ್ಟರಿಯಲ್ಲೂ ಇಬ್ಬರಿಗೂ ಪಾಲಿದೆ. ಪಾದ್ರಿಗಳಾಗುವವರು ವಾರ್ಸಾದಲ್ಲಿ 1954ರಲ್ಲಿ ಆರಂಭವಾದ ಕ್ರೈಸ್ತ ದೇವಶಾಸ್ತ್ರ ಅಕಾಡೆಮಿಯಲ್ಲಿ ಬೇರೆ ಪಂಗಡಗಳ ವಿದ್ಯಾರ್ಥಿಗಳ ಜೊತೆಯಲ್ಲೇ ಕಲಿಯುತ್ತಾರೆ.

ಸಿನಡ್ಡಿನ ಕೆಲಸ ನಿಧಾನ. ಹೆಂಗಸರಿಗೆ ಪಾದ್ರಿ ದೀಕ್ಷೆ ಕೊಡಬೇಕೇ ಎಂಬ ಚರ್ಚೆ ಅಲ್ಲಿ ದಶಕಗಳ ಕಾಲ ನಡೆಯಿತು. ಹೆಂಗಸರು ದೇವಶಾಸ್ತ್ರ ಓದಿ, ಪ್ರಸಂಗ ಮಾಡಿ, ಮಕ್ಕಳಿಗೆ ಪಾಠ ಹೇಳಿ ಸಭೆಗಳ ವಿಶ್ವಾಸ ಗಳಿಸಿದರು. 2021ರ ಅಕ್ಟೋಬರಿನಲ್ಲಿ ಸಿನಡ್ ಒಪ್ಪಿತು. 2022ರ ಮೇ 7ರಂದು ವಾರ್ಸಾದಲ್ಲಿ ಒಂಬತ್ತು ಹೆಂಗಸರು ದೀಕ್ಷೆ ಪಡೆದರು. ಮೇಲಿನಿಂದ ಬಂದ ಅಪ್ಪಣೆಯಾಗಿದ್ದರೆ ಇದು ಒಂದು ದಿನದ ಕೆಲಸ. ಸಭೆಸಭೆಯಲ್ಲೂ ಮಾತಾಡಿ ಮನವೊಲಿಸಿ ಬಂದ ತೀರ್ಮಾನವಾದ್ದರಿಂದ ಅದನ್ನು ನಡೆಸಿಕೊಂಡು ಹೋಗುವ ಜನ ಮೊದಲೇ ಸಿದ್ಧರಿದ್ದರು.

ಇದೇ ತಾಳ್ಮೆ ಕಟ್ಟಡಗಳ ಆರೈಕೆಯಲ್ಲೂ ಕಾಣುತ್ತದೆ. 1990ರ ದಶಕದಿಂದ ಪೋಲಿಷ್ ಮತ್ತು ಜರ್ಮನ್ ತಜ್ಞರು ಸೇರಿ ಎರಡೂ ಚರ್ಚುಗಳನ್ನು ದುರಸ್ತಿ ಮಾಡುತ್ತ ಬಂದಿದ್ದಾರೆ; ಟೊರುನ್ ವಿಶ್ವವಿದ್ಯಾಲಯದ ಸಂರಕ್ಷಣಾ ತಜ್ಞರ ಪಾತ್ರ ಇದರಲ್ಲಿ ದೊಡ್ಡದು. ಮೊದಲು ಪ್ರತಿ ಮರವನ್ನೂ ಅಳೆದು ನಕ್ಷೆ ಬರೆಯುತ್ತಾರೆ. ನೀರು ಇಳಿದು ಕಂಬದ ಬುಡ ಕೊಳೆತಿದ್ದರೆ ಇಡೀ ಕಂಬವನ್ನು ಕೀಳುವುದಿಲ್ಲ. ಕೆಟ್ಟ ಭಾಗವನ್ನಷ್ಟೇ ಕತ್ತರಿಸಿ, ಅದೇ ಜಾತಿಯ ಹೊಸ ಮರದ ತುಂಡನ್ನು ಮೆಟ್ಟಿಲಂತೆ ಕಡೆದು ಹಳೆಯದಕ್ಕೆ ಕಚ್ಚಿಸಿ ಗೂಟ ಹೊಡೆಯುತ್ತಾರೆ. ಮಣ್ಣಿನ ಗೋಡೆಗೆ ಸಿಮೆಂಟು ಮೆತ್ತುವುದಿಲ್ಲ, ಏಕೆಂದರೆ ಸಿಮೆಂಟು ತೇವವನ್ನು ಒಳಗೇ ಹಿಡಿದಿಟ್ಟು ಮರವನ್ನು ಕೊಳೆಸುತ್ತದೆ. ಮತ್ತೆ ಅದೇ ಹುಲ್ಲು, ಅದೇ ಮಣ್ಣು, ಅದೇ ಸುಣ್ಣ.

ಗಾಂಪರನ ಕೆಲಸದ ಹಿರಿಮೆ ನನಗೆ ತೋರುವುದು ಇಲ್ಲೇ. ಅವನು ಕಟ್ಟಿದ್ದು ಬಿಚ್ಚಬಹುದಾದ, ಒಂದೊಂದೇ ಭಾಗವನ್ನು ಬದಲಾಯಿಸಬಹುದಾದ ಕಟ್ಟಡ. ಹಾಗೆ ಕಟ್ಟಿದ್ದು ಉಳಿಯಬೇಕಾದರೆ ಸೂರು ಸೋರುತ್ತಿದೆಯೇ ಎಂದು ವರ್ಷವರ್ಷ ಹತ್ತಿ ನೋಡುವವರು ಬೇಕು, ದುರಸ್ತಿಗೆ ಹಣ ಎತ್ತಿಡುವವರು ಬೇಕು, ಅವರನ್ನು ಆರಿಸಿ ಲೆಕ್ಕ ಕೇಳುವ ಸಭೆ ಬೇಕು. ಸೈಲೀಸಿಯದ ಲೂಥರನ್ನರಿಗೆ ಆ ಅಭ್ಯಾಸವನ್ನು ಕಷ್ಟಕಾಲವೇ ಕಲಿಸಿತ್ತು: ದೊರೆ ನೋಡಿಕೊಳ್ಳುವುದಿಲ್ಲವೆಂದು ತಿಳಿದ ಮೇಲೆ ನೋಡಿಕೊಳ್ಳುವವರು ತಾವೇ. ಇಂದು ಶ್ವಿದ್ನಿತ್ಸಾದ ಪುಟ್ಟ ಸಭೆ ಬೇರೆ ಮಾತಿನದು, ಬಹುಪಾಲು ಬೇರೆ ಕಡೆಯಿಂದ ಬಂದ ಕುಟುಂಬಗಳದು. ಕಟ್ಟಿದವರ ರಕ್ತಸಂಬಂಧ ಅದಕ್ಕೆ ಇಲ್ಲವೆನ್ನುವಷ್ಟು ಕಡಿಮೆ, ಕಟ್ಟಿದವರ ಹೊಣೆಯನ್ನು ಮಾತ್ರ ಅದು ಪೂರ್ತಿಯಾಗಿ ವಹಿಸಿಕೊಂಡಿದೆ. ಮರ ಮಣ್ಣಿನ ಈ ಚರ್ಚುಗಳಿಗೆ ಇಷ್ಟು ಆಯುಸ್ಸು ಕೊಟ್ಟದ್ದು ಒಳ್ಳೆಯ ಬಡಗಿಯೂ ಹೌದು, ಅವನ ಕೆಲಸವನ್ನು ತಲೆಮಾರಿನಿಂದ ತಲೆಮಾರಿಗೆ ತಮ್ಮದೆಂದುಕೊಂಡ ಸಾಮಾನ್ಯ ಜನರೂ ಹೌದು.